ಲೆಕ್ಕದ ಕೀಲಿ ನಿಮ್ಮ ಕೈಯಲ್ಲೇ ಇರಲಿ

ಸಣ್ಣ ಊರುಗಳ ಅಂಗಡಿ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಂಗಡಿ ಮಾಲೀಕರೇ,



ಕಿರಾಣಿ, ಹಾರ್ಡ್‌ವೇರ್, ಬಟ್ಟೆ, ಔಷಧಿ, ಗೊಬ್ಬರ, ಬೇಕರಿ ಎಂದು ತಾಲ್ಲೂಕು ಕೇಂದ್ರಗಳ ಪೇಟೆಬೀದಿಯಲ್ಲಿ ಬೆಳಿಗ್ಗೆ ಷಟರ್ ಎತ್ತಿ ರಾತ್ರಿ ಇಳಿಸುವ ನಿಮ್ಮೆಲ್ಲರಿಗೂ ಈ ಪತ್ರ. ನಾನು ಅಂಗಡಿಗಳ ಲೆಕ್ಕ ಬರೆದು ಬದುಕುವವನು. ಕಿರ್ದಿ, ಖಾತೆ ಎಲ್ಲವನ್ನೂ ಕೈಯಲ್ಲೇ ಬರೆಯುತ್ತಿದ್ದ ಕಾಲದಲ್ಲಿ ಈ ಕೆಲಸಕ್ಕೆ ಬಂದೆ. ಈಗ ದಿನದ ಬಹುಪಾಲು ಕಂಪ್ಯೂಟರ್ ಮುಂದೆಯೇ ಕಳೆಯುತ್ತದೆ. ಹೊಸ ಬಿಲ್ಲಿಂಗ್ ಯಂತ್ರ ತಂದ ಸಂಭ್ರಮವನ್ನೂ, ಆರೇ ತಿಂಗಳಲ್ಲಿ ಅದರ ಮೇಲೆ ಬಟ್ಟೆ ಹೊದಿಸಿ ಮತ್ತೆ ಚೀಟಿಯಲ್ಲಿ ಬಿಲ್ ಬರೆಯುವುದನ್ನೂ ನಿಮ್ಮ ಅಂಗಡಿಗಳಲ್ಲೇ ಕುಳಿತು ನೋಡಿದ್ದೇನೆ. ನೀವು ಕಷ್ಟಪಟ್ಟು ದುಡಿದ ದುಡ್ಡು ಹೀಗೆ ಹೋಗುವುದನ್ನು ನೋಡಲಾಗದೆ ಇದನ್ನು ಬರೆಯುತ್ತಿದ್ದೇನೆ.

2025ರ ಜುಲೈ ತಿಂಗಳು ನಿಮಗೆ ನೆನಪಿರುತ್ತದೆ. ಯುಪಿಐ ಮೂಲಕ ಬಂದ ಹಣದ ವಿವರ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯುಆರ್ ಕೋಡ್ ಕಿತ್ತುಹಾಕಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಚೀಟಿ ಅಂಟಿಸಿದವು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ನಡೆಸಿ, ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಆತಂಕ ತಗ್ಗಿತು. ಆ ದಿನಗಳಲ್ಲಿ ನನ್ನ ಬಳಿ ಬಂದವರ ಮುಖ ನೋಡಿದರೆ ಸಂಕಟವಾಗುತ್ತಿತ್ತು. ತೆರಿಗೆ ತಪ್ಪಿಸಬೇಕೆಂದು ಹೊರಟವರಲ್ಲ ಅವರು. ಖಾತೆಗೆ ಬಂದ ಹಣದಲ್ಲಿ ವ್ಯಾಪಾರದ್ದೆಷ್ಟು, ಭಾವಮೈದುನ ತಿರುಗಿಸಿದ ಕೈಗಡವೆಷ್ಟು, ಚೀಟಿ ದುಡ್ಡೆಷ್ಟು, ತೆರಿಗೆಯೇ ಇಲ್ಲದ ಹಾಲು-ತರಕಾರಿಯದ್ದೆಷ್ಟು ಎಂದು ಬಿಡಿಸಿ ತೋರಿಸಲು ಅವರ ಹತ್ತಿರ ಒಂದು ಹಾಳೆಯೂ ಇರಲಿಲ್ಲ. ಅವರ ವ್ಯಾಪಾರದ ಲೆಕ್ಕ ಬ್ಯಾಂಕಿನಲ್ಲಿತ್ತು, ಆಪ್ ಕಂಪನಿಯಲ್ಲಿತ್ತು, ಇಲಾಖೆಯಲ್ಲಿತ್ತು. ಅವರಲ್ಲಿ ಮಾತ್ರ ಇರಲಿಲ್ಲ.

ನನ್ನ ಕೋರಿಕೆಯೆಲ್ಲ ಇದೊಂದರ ಸುತ್ತಲೇ ಇದೆ. ಕಂಪ್ಯೂಟರ್ ತನ್ನಿ, ಮೊಬೈಲ್ ಆಪ್ ಹಾಕಿಸಿ, ಇಲ್ಲವೇ ಪುಸ್ತಕದಲ್ಲೇ ಬರೆಯಿರಿ. ಯಾವುದೇ ಆದರೂ ನಿಮ್ಮ ಲೆಕ್ಕ ನಿಮಗೆ ಅರ್ಥವಾಗುವಂತಿರಲಿ, ನಿಮ್ಮ ಸ್ವಾಧೀನದಲ್ಲಿರಲಿ.

ಮೊದಲು, ಯಾರಿಗೆ ಕಂಪ್ಯೂಟರ್, ಸಾಫ್ಟ್‌ವೇರ್ ಬೇಕಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ, ಸೇವೆ ಕೊಡುವವರಿಗೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. (ಹೋಟೆಲು ಸೇವೆಯ ಲೆಕ್ಕಕ್ಕೆ ಬರುತ್ತದೆ, ಮರೆಯಬೇಡಿ.) ಈ ಮಿತಿಯೊಳಗೆ ಆರಾಮವಾಗಿರುವ ಪೆಟ್ಟಿ ಅಂಗಡಿಯವರು ಹತ್ತಾರು ಸಾವಿರ ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಕಾಗಿಲ್ಲ. ಅಂಗಡಿಗೇ ಬೇರೆ ಬ್ಯಾಂಕ್ ಖಾತೆ, ಆ ಖಾತೆಗೇ ಸೇರುವ ಕ್ಯುಆರ್ ಕೋಡ್, ಒಂದು ದಿನವಹಿ ಪುಸ್ತಕ ಸಾಕು. ಮನೆಯ ಹಣ ಆ ಖಾತೆಗೆ ಬರಬಾರದು, ಅಷ್ಟೇ. ಒಂದು ಎಚ್ಚರಿಕೆ ಮಾತ್ರ ಇರಲಿ. ಬರೀ ತರಕಾರಿ ಮಾರುವವರಿಗೆ ನೋಂದಣಿ ಬೇಕಿಲ್ಲ. ಅದೇ ಅಂಗಡಿಯಲ್ಲಿ ಬಿಸ್ಕತ್ತು, ಸೋಪೂ ಇಟ್ಟರೆ 40 ಲಕ್ಷದ ಲೆಕ್ಕಕ್ಕೆ ತರಕಾರಿಯ ಮಾರಾಟವೂ ಸೇರಿಕೊಳ್ಳುತ್ತದೆ. ಹಾಗಾಗಿ ಎರಡನ್ನೂ ದಿನವೂ ಬೇರೆ ಬೇರೆ ಬರೆದಿಡಿ.

ಇನ್ನು ಕಂಪ್ಯೂಟರ್ ಬೇಕೇಬೇಕು ಅನ್ನುವವರ ಮಾತು. ನಿಮ್ಮಲ್ಲಿ ಹೆಚ್ಚಿನವರು ಅದನ್ನು ಆರಿಸುವುದು ಹೇಗೆಂದರೆ, ಪಕ್ಕದ ಅಂಗಡಿಯವರು ಏನು ತಂದರು ಎಂದು ನೋಡಿ. ಪಕ್ಕದವರದು ಔಷಧಿ ಅಂಗಡಿ, ನಿಮ್ಮದು ಹಾರ್ಡ್‌ವೇರ್. ಅವರಿಗೆ ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು, ಎಚ್1 ಪಟ್ಟಿಯ ಔಷಧಿಗೆ ಮೂರು ವರ್ಷ ಕಾಯ್ದಿಡಬೇಕಾದ ಪ್ರತ್ಯೇಕ ದಾಖಲೆ ಮುಖ್ಯ. ನಿಮಗೆ ಮೊಳೆ ಕಿಲೋ ಲೆಕ್ಕದಲ್ಲಿ ಬಂದು ಅರ್ಧ ಕಿಲೋ ಹೋಗಬೇಕು, 20 ಅಡಿಯ ಪೈಪಿನಲ್ಲಿ 7 ಅಡಿ ಕೊಯ್ದು ಕೊಟ್ಟರೆ ಉಳಿದದ್ದು ಸ್ಟಾಕಿನಲ್ಲಿ ಕಾಣಬೇಕು, ಮೇಸ್ತ್ರಿಯ ಹೆಸರಲ್ಲಿ ಒಯ್ದ ಸಾಮಾನಿನ ಬಾಕಿ ಮನೆ ಕಟ್ಟಿಸುವವರ ಹೆಸರಿಗೆ ಬರಬೇಕು. ಗೊಬ್ಬರದ ಅಂಗಡಿಯವರ ಪಾಡು ಇನ್ನೊಂದು. ಸಬ್ಸಿಡಿ ಗೊಬ್ಬರಕ್ಕೆ ಆಧಾರ್ ಬೆರಳಚ್ಚಿನ ಪಿಒಎಸ್ ಯಂತ್ರ ಆಗಲೇ ಮೇಜಿನ ಮೇಲಿದೆ, ಅದರಲ್ಲಿನ ಸ್ಟಾಕೂ ಗೋಡೌನಿನ ಮೂಟೆಗಳೂ ತಾಳೆಯಾಗಬೇಕು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ.

ಇದಕ್ಕೊಂದು ಉದಾಹರಣೆ ಕೊಡುತ್ತೇನೆ. ದೇಶದ ತುಂಬ ಲೆಕ್ಕದವರು ಬಳಸುವ ಟ್ಯಾಲಿ ಸಾಫ್ಟ್‌ವೇರ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1986ರಲ್ಲಿ. ಕಾರ್ಖಾನೆಗಳಿಗೂ ಬಟ್ಟೆ ಗಿರಣಿಗಳಿಗೂ ಸಾಮಗ್ರಿ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರಕ್ಕೆ ಹೊಂದುವ ಲೆಕ್ಕದ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಅವರಿಂದ ಅದನ್ನು ಬರೆಸಿದರು. ತಮಗೇನು ಬೇಕು ಎಂಬುದು ಆ ವ್ಯಾಪಾರಿಗೆ ಸ್ಪಷ್ಟವಾಗಿ ಗೊತ್ತಿತ್ತು. ನಿಮಗೆ ಸಾಫ್ಟ್‌ವೇರ್ ಬರೆಯುವ ಮಗ ಇರಬೇಕಾಗಿಲ್ಲ. ಆದರೆ ಅಂಗಡಿಗೆ ಏನು ಬೇಕು ಎಂಬ ಅರಿವು ಮೊದಲು ನಿಮಗಿರಬೇಕು, ಮಾರಲು ಬರುವವರು ಅದನ್ನು ಹೇಳಿಕೊಡಲಾರರು. ಹಾಗಾಗಿ ಕೊಳ್ಳುವ ಮೊದಲು ಒಂದು ವಾರ, ಕೌಂಟರಿನಲ್ಲಿ ನೀವು ಏನೇನು ಮಾಡುತ್ತೀರಿ, ಎಲ್ಲಿ ತಡವಾಗುತ್ತದೆ, ರಾತ್ರಿ ಲೆಕ್ಕ ಎಲ್ಲಿ ಕೂಡುವುದಿಲ್ಲ ಎಂದು ಬರೆದಿಡಿ. ಉದ್ರಿ ವಸೂಲಿಯೇ ನಿಮ್ಮ ತಲೆನೋವಾಗಿದ್ದರೆ ಉದ್ರಿಯನ್ನು ಚೆನ್ನಾಗಿ ನೋಡಿಕೊಳ್ಳುವ ಸಾಫ್ಟ್‌ವೇರ್ ಬೇಕು. ಬಣ್ಣಬಣ್ಣದ ನಕ್ಷೆ ತೋರಿಸುವುದರಿಂದ ನಿಮಗೇನೂ ಆಗಬೇಕಾದ್ದಿಲ್ಲ.

ಡೆಮೊ ತೋರಿಸಲು ಬರುವವರು ಸಾಮಾನ್ಯವಾಗಿ ಮಧ್ಯಾಹ್ನ ಬರುತ್ತಾರೆ, ತಮ್ಮದೇ ಲ್ಯಾಪ್‌ಟಾಪ್ ತರುತ್ತಾರೆ, ಅದರಲ್ಲಿ ಮೊದಲೇ ತುಂಬಿಸಿಟ್ಟ ಹತ್ತು ಸಾಮಾನು ಇರುತ್ತವೆ. ಎಲ್ಲವೂ ಸಲೀಸಾಗಿ ನಡೆಯುತ್ತದೆ. ನನ್ನ ಮಾತು ಕೇಳುವುದಾದರೆ ಅವರನ್ನು ಸಂತೆಯ ದಿನ ಸಂಜೆ ಕರೆಯಿರಿ. ನಿಮ್ಮ ಸಾಮಾನು, ನಿಮ್ಮ ಗಿರಾಕಿ, ನಿಮ್ಮ ಕೌಂಟರ್. ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಹೀಗೆ ಮಾಡಿದಾಗ ನಾನೂ ಇದ್ದೆ. ಮಾಲೀಕರು ಒಂದೊಂದಾಗಿ ಕೇಳುತ್ತಾ ಹೋದರು. ಎರಡು ಕಿಲೋ ಮೊಳೆ, ಏಳಡಿ ಪೈಪು, ಒಂದು ನಲ್ಲಿಗೆ ಬಿಲ್ ಹಾಕಿ. ಅರ್ಧ ದುಡ್ಡು ಈಗ, ಉಳಿದದ್ದು ಬಾಕಿ. ನಲ್ಲಿ ಸೋರುತ್ತದೆ ಎಂದು ನಾಳೆ ವಾಪಸ್ ತಂದರೆ ಹೇಗೆ? ಬಿಲ್ ಹಾಕುತ್ತಿರುವಾಗಲೇ ಇನ್ನೊಬ್ಬ ಗಿರಾಕಿಗೆ ಅವಸರವಾದರೆ ಇದನ್ನು ನಿಲ್ಲಿಸಿಟ್ಟು ಅದನ್ನು ಮುಗಿಸಬಹುದೇ? ಕೊನೆಗೆ ಅವರು ಎದ್ದು ಹೋಗಿ ಮೈನ್ ಸ್ವಿಚ್ಚನ್ನೇ ಆರಿಸಿದರು. ಕರೆಂಟ್ ಬಂದ ಮೇಲೆ ಅರ್ಧ ಹಾಕಿದ್ದ ಬಿಲ್ ಕಾಣೆಯಾಗಿತ್ತು, ಬಿಲ್ ನಂಬರ್ ಮಾತ್ರ ಒಂದು ಮುಂದೆ ಹೋಗಿತ್ತು. ಆ ಸಾಫ್ಟ್‌ವೇರನ್ನು ಅವರು ಕೊಳ್ಳಲಿಲ್ಲ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ಊರು ನಮ್ಮದು. ಇಂಟರ್ನೆಟ್ ಇಲ್ಲದಿದ್ದರೂ ಬಿಲ್ ಹಾಕಲು ಬರಬೇಕು ಎಂಬುದನ್ನು ಮಲೆನಾಡಿನವರಂತೂ ಮೊದಲ ಷರತ್ತಾಗಿ ಇಡಬೇಕು.

ಬೆಲೆ ಕೇಳುವಾಗ ಮೊದಲ ವರ್ಷದ್ದನ್ನಷ್ಟೇ ಕೇಳಬೇಡಿ. ಎರಡನೇ ವರ್ಷ, ಮೂರನೇ ವರ್ಷ ಎಷ್ಟು? ಎರಡನೇ ಕಂಪ್ಯೂಟರಿಗೆ ಹಾಕಿಸಿದರೆ ಎಷ್ಟು? ಭಾನುವಾರ ಕೆಟ್ಟರೆ ಯಾರು ಫೋನ್ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆಯೇ? ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: “ಮುಂದಿನ ವರ್ಷ ನಾನು ನಿಮ್ಮನ್ನು ಬಿಟ್ಟರೆ ನನ್ನ ಲೆಕ್ಕವನ್ನೆಲ್ಲ ಎಕ್ಸೆಲ್ ಕಡತವಾಗಿ ತೆಗೆದುಕೊಂಡು ಹೋಗಬಹುದೇ? ಈಗಲೇ ಒಮ್ಮೆ ತೆಗೆದು ತೋರಿಸಿ.” ತಡವರಿಸಿದರೆ ಆ ಸಾಫ್ಟ್‌ವೇರ್ ಬೇಡ. ವರ್ಷದ ಶುಲ್ಕ ಕಟ್ಟದಿದ್ದರೆ ಹಳೇ ಬಿಲ್ ನೋಡಲೂ ಬಿಡದ ಆಪ್‌ಗಳಿವೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ನೋಂದಾಯಿತ ವ್ಯಾಪಾರಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಕಾಯ್ದಿಡಬೇಕು, ಅಂದರೆ ಆರು ವರ್ಷ. ಅಷ್ಟು ಕಾಲ ನಿಮ್ಮ ದಾಖಲೆ ತೆರೆದು ನೋಡುವ ಹಕ್ಕು ಯಾರದೋ ಶುಲ್ಕದ ಮರ್ಜಿಯಲ್ಲಿರುವುದು ಸರಿಯಲ್ಲ.

ಸಾಫ್ಟ್‌ವೇರ್ ಯಾವುದು ಎಂಬುದಕ್ಕಿಂತ ಅದರೊಳಗೆ ನೀವು ತುಂಬಿಸುವ ಸಾಮಾನಿನ ಪಟ್ಟಿ ಮುಖ್ಯ. ಇದನ್ನು ಯಾರೂ ಒತ್ತಿ ಹೇಳುವುದಿಲ್ಲವಾದ್ದರಿಂದ ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಶೇ. 12 ಮತ್ತು ಶೇ. 28ರ ಹಂತಗಳಲ್ಲಿದ್ದ ಸರಕುಗಳಲ್ಲಿ ಹೆಚ್ಚಿನವು ಶೇ. 5ಕ್ಕೆ ಅಥವಾ ಶೇ. 18ಕ್ಕೆ ಬಂದವು. ಸೋಪು, ಟೂತ್‌ಪೇಸ್ಟ್, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತು ಶೇ. 18ರಿಂದ 5ಕ್ಕೆ ಇಳಿದವು. ತುಪ್ಪ, ಬೆಣ್ಣೆ 12ರಿಂದ 5ಕ್ಕೆ. ಸಿಮೆಂಟು 28ರಿಂದ 18ಕ್ಕೆ. ದರ ಬದಲಾಗುವ ಹಿಂದಿನ ರಾತ್ರಿ ನಾನು ಎರಡು ಕಿರಾಣಿ ಅಂಗಡಿಗಳಲ್ಲಿದ್ದೆ. ಎರಡರಲ್ಲೂ ಇದ್ದದ್ದು ಒಂದೇ ಸಾಫ್ಟ್‌ವೇರ್. ಮೊದಲನೆಯದರಲ್ಲಿ ಪ್ರತಿ ಸಾಮಾನಿಗೂ ಎಚ್‌ಎಸ್‌ಎನ್ (ಸರಕು ವರ್ಗೀಕರಣದ) ಸಂಖ್ಯೆ ಸರಿಯಾಗಿ ಹಾಕಿದ್ದರು, ಸೋಪೆಲ್ಲ ಒಂದು ಗುಂಪು, ಬಿಸ್ಕತ್ತೆಲ್ಲ ಒಂದು ಗುಂಪು. ಗುಂಪಿನ ದರ ಬದಲಾಯಿಸಿ, ಯಾವ ದಿನದಿಂದ ಎಂದು ತಾರೀಖು ಹಾಕಿದರೆ ಕೆಲಸ ಮುಗಿಯಿತು. ಎರಡನೆಯದರಲ್ಲಿ ಒಂದೇ ಸೋಪು ಮೂರು ಹೆಸರಲ್ಲಿತ್ತು. ಬಿಲ್ ಹಾಕುವ ಹುಡುಗರು ಆಯಾ ಹೊತ್ತಿಗೆ ತೋಚಿದಂತೆ ಹೊಸ ಹೆಸರು ಸೇರಿಸುತ್ತಾ ಹೋಗಿದ್ದರು, ಎಷ್ಟೋ ಕಡೆ ಎಚ್‌ಎಸ್‌ಎನ್ ಜಾಗದಲ್ಲಿ ಬರೀ ಸೊನ್ನೆಗಳಿದ್ದವು. ನಡುರಾತ್ರಿ ದಾಟಿದರೂ ಅಲ್ಲಿ ಒಂದೊಂದೇ ತಿದ್ದುತ್ತಾ ಕುಳಿತಿದ್ದೆವು. ಹಳೇ ದರದಲ್ಲಿ ಮಾರಿದ ಸಾಮಾನು ಆಮೇಲೆ ವಾಪಸ್ ಬಂದರೆ ಕ್ರೆಡಿಟ್ ನೋಟು ಹಳೇ ದರದಲ್ಲೇ ಆಗಬೇಕು. ತಾರೀಖು ಹಾಕದೆ ದರವನ್ನಷ್ಟೇ ಅಳಿಸಿ ಬರೆದವರಿಗೆ ಅಲ್ಲೂ ತೊಡಕಾಯಿತು.

ಆದ್ದರಿಂದ ಹೊಸ ಸಾಫ್ಟ್‌ವೇರ್ ಹಾಕಿಸಿದ ಮೊದಲ ತಿಂಗಳು ಅವಸರ ಬೇಡ. ಸಾಮಾನಿಗೆ ಹೆಸರಿಡುವ ಒಂದು ಕ್ರಮ ಮಾಡಿಕೊಳ್ಳಿ: ಮೊದಲು ಸಾಮಾನು, ಆಮೇಲೆ ಕಂಪನಿ, ಆಮೇಲೆ ತೂಕ ಅಥವಾ ಅಳತೆ. ಹೊಸ ಹೆಸರು ಸೇರಿಸುವ ಅಧಿಕಾರ ಒಬ್ಬರಿಗೇ ಇರಲಿ. ರಾಜಿ ತೆರಿಗೆ ಪದ್ಧತಿಯಲ್ಲಿರುವವರು, ಅಂದರೆ ಒಂದೂವರೆ ಕೋಟಿಯೊಳಗಿನ ವಹಿವಾಟಿಗೆ ಶೇ. 1 ಕಟ್ಟುವ ವ್ಯಾಪಾರಿಗಳು, ಇನ್ನೊಂದು ವಿಷಯ ಗಮನಿಸಿ. ನೀವು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಕೊಡಬೇಕಾದದ್ದು ‘ಬಿಲ್ ಆಫ್ ಸಪ್ಲೈ’. ಸಾಫ್ಟ್‌ವೇರ್ ಹಾಕಿದವರು ಅದನ್ನು ಸಾಮಾನ್ಯ ಪದ್ಧತಿಯಲ್ಲೇ ಬಿಟ್ಟುಹೋಗಿ, ಬಿಲ್ಲಿನಲ್ಲಿ ತೆರಿಗೆ ಬೇರೆಯಾಗಿ ಅಚ್ಚಾಗುತ್ತಿದ್ದ ಅಂಗಡಿಗಳನ್ನು ನೋಡಿದ್ದೇನೆ. ನಿಮ್ಮ ಅಂಗಡಿಯ ಬಿಲ್ಲನ್ನು ನೀವೇ ಒಮ್ಮೆ ಪೂರ್ತಿ ಓದಿ.

ಈಗ ನನಗೆ ತುಂಬ ನೋವು ಕೊಡುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಜಿಎಸ್‌ಟಿ ಖಾತೆಯ ಪಾಸ್‌ವರ್ಡ್ ಯಾರಿಗೆ ಗೊತ್ತು? ಅದರಲ್ಲಿ ನೋಂದಾಯಿಸಿರುವ ಮೊಬೈಲ್ ನಂಬರ್, ಇಮೇಲ್ ಯಾರದು? ನಮ್ಮ ಪೇಟೆಯಲ್ಲಿ ಇದನ್ನು ಕೇಳಿದರೆ ಬರುವ ಉತ್ತರ ಒಂದೇ: “ಅದೆಲ್ಲ ಲೆಕ್ಕದವರೇ ನೋಡ್ಕೋತಾರೆ.” ನಾನೂ ಲೆಕ್ಕದವನೇ. ನಮ್ಮ ಕಸುಬಿನಲ್ಲಿ ಪ್ರಾಮಾಣಿಕರೇ ಹೆಚ್ಚು. ಆದರೂ ಹೇಳುತ್ತೇನೆ, ಇದು ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಬೇರೆಯವರ ಮನೆಯಲ್ಲಿಟ್ಟು ಬಂದ ಹಾಗೆ. ನನಗೆ ಗೊತ್ತಿರುವ ಬಟ್ಟೆ ವ್ಯಾಪಾರಿಯೊಬ್ಬರಿಗೆ ಲೆಕ್ಕದವರೊಂದಿಗೆ ಮನಸ್ತಾಪವಾಯಿತು. ಅವರು ಬೇರೆಯವರನ್ನು ನೇಮಿಸಿಕೊಂಡರು. ಹೊಸಬರು ಪೋರ್ಟಲ್ ತೆರೆಯಲು ಹೋದರೆ ಒಟಿಪಿ ಹಳಬರ ಕಚೇರಿಯ ಫೋನಿಗೆ ಹೋಗುತ್ತಿತ್ತು. ರಿಟರ್ನ್ ಸಲ್ಲಿಸುವ ಗಡುವು ಮೀರಿತು, ದಂಡ ಕಟ್ಟಬೇಕಾಯಿತು. ಕೊನೆಗೆ ತೆರಿಗೆ ಅಧಿಕಾರಿಯ ಬಳಿ ದಾಖಲೆ ಹಿಡಿದು ಹೋಗಿ, ಇದು ತಮ್ಮದೇ ಅಂಗಡಿ ಎಂದು ಸಾಬೀತು ಮಾಡಿ ನಂಬರ್ ಬದಲಾಯಿಸಿಕೊಂಡರು. ಮೂವತ್ತು ವರ್ಷ ಅದೇ ಬೀದಿಯಲ್ಲಿ ವ್ಯಾಪಾರ ಮಾಡಿದ ಮನುಷ್ಯ, ತನ್ನ ಅಂಗಡಿ ತನ್ನದೇ ಎಂದು ಕಾಗದ ತೋರಿಸಬೇಕಾಯಿತು.

ಕೇಳುವುದಕ್ಕೆ ಸಂಕೋಚ ಬೇಡ. ಲೆಕ್ಕದವರ ಮೇಲೆ ಅನುಮಾನವೆಂದು ಯಾರೂ ತಿಳಿಯುವುದಿಲ್ಲ, ತಿಳಿದರೆ ಅದು ಅವರ ತಪ್ಪು. ಜಿಎಸ್‌ಟಿ ಪೋರ್ಟಲ್, ಆದಾಯ ತೆರಿಗೆ, ಬ್ಯಾಂಕ್, ಬಿಲ್ಲಿಂಗ್ ಆಪ್, ಅಂಗಡಿಯ ಇಮೇಲ್ ಎಲ್ಲದರಲ್ಲೂ ಇರಬೇಕಾದದ್ದು ನಿಮ್ಮ ನಂಬರ್. ಪಾಸ್‌ವರ್ಡ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದು ಮನೆಯ ಬೀರುವಿನಲ್ಲಿಡಿ, ಮನೆಯ ಇನ್ನೊಬ್ಬರಿಗೆ ಅದರ ವಿಷಯ ತಿಳಿದಿರಲಿ. ಮಾಲೀಕರು ಹಠಾತ್ತಾಗಿ ತೀರಿಕೊಂಡಾಗ ಬರಬೇಕಾದ ಬಾಕಿ ಎಷ್ಟೆಂದು ತಿಳಿಯದೆ, ಕಂಪ್ಯೂಟರ್ ತೆರೆಯಲೂ ಬಾರದೆ ಕುಳಿತ ಕುಟುಂಬದ ಎದುರು ನಾನು ಕುಳಿತಿದ್ದೇನೆ. ಆ ಸ್ಥಿತಿ ನಿಮ್ಮ ಮನೆಯವರಿಗೆ ಬರಬಾರದು.

ಬ್ಯಾಕಪ್ ವಿಷಯ ನಿಮಗೆ ಹೊಸದಲ್ಲ. ಕೇಳಿದರೆ ಎಲ್ಲರೂ “ಪೆನ್‌ಡ್ರೈವ್‌ನಲ್ಲಿದೆ” ಎನ್ನುತ್ತೀರಿ. ಆ ಪೆನ್‌ಡ್ರೈವ್ ಕಂಪ್ಯೂಟರಿಗೇ ಚುಚ್ಚಿಕೊಂಡಿರುತ್ತದೆ. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಕಂಪ್ಯೂಟರ್ ಹೋದರೆ ಅದೂ ಹೋಗುತ್ತದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಬಂದರೆ ಚುಚ್ಚಿಟ್ಟ ಪೆನ್‌ಡ್ರೈವನ್ನೂ ಬಿಡುವುದಿಲ್ಲ. ಒಂದು ಪ್ರತಿ ಅಂಗಡಿಯಲ್ಲಿ, ಒಂದು ಮನೆಯಲ್ಲಿ, ಒಂದು ಗೂಗಲ್ ಡ್ರೈವ್‌ನಂಥ ಕಡೆ ಇರಲಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದಿದ್ದರೆ ನಿಮ್ಮಲ್ಲಿ ಬ್ಯಾಕಪ್ ಇಲ್ಲ ಎಂದೇ ಲೆಕ್ಕ.

ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದುಬಾರಿ ಕಂಪ್ಯೂಟರ್ ಬೇಡ, ಒಳ್ಳೆಯ ಯುಪಿಎಸ್ ಬೇಕು. ಸರಿಯಾದ ಅರ್ತಿಂಗ್ ಇರಲೇಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೇ ಯಂತ್ರ ಕೊಳ್ಳುವವರು ಇದನ್ನು ವಿಚಾರಿಸಿಕೊಳ್ಳಿ. ಥರ್ಮಲ್ ಪ್ರಿಂಟರಿನ ಬಿಲ್ ಬಿಸಿಲಿಗೆ ಮಾಸಿಹೋಗುತ್ತದೆ. ವಾರಂಟಿ ಇರುವ ಸಾಮಾನು ಮಾರುವವರು ಸಾದಾ ಕಾಗದದ ಬಿಲ್ ಕೊಡಿ. ಗಿರಾಕಿ ಮೊಬೈಲ್ ಪರದೆ ತೋರಿಸಿದ ಮಾತ್ರಕ್ಕೆ ಹಣ ಬಂತೆಂದು ನಂಬಬೇಡಿ, ನಿಮ್ಮ ಖಾತೆಗೆ ಬಂದದ್ದನ್ನು ಖಚಿತಪಡಿಸಿಕೊಳ್ಳಿ. ಮೋಸ ಹೋದದ್ದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಿ.

ಕನ್ನಡದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಗಡಿಯ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಾಯಿತು, ಫಲಕಗಳು ಬದಲಾದವು. ಫಲಕದ ಕೆಳಗೆ ಕೊಡುವ ಬಿಲ್ ಮಾತ್ರ ಇಂದಿಗೂ ಇಂಗ್ಲಿಷಿನಲ್ಲೇ ಇದೆ. ಹಳ್ಳಿಯಿಂದ ಬಂದ ಅಜ್ಜಿ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾರೆ, ಮನೆಯಲ್ಲಿ ಮೊಮ್ಮಗ ಓದಿ ಹೇಳಬೇಕು. ಇದಕ್ಕೆ ತಾಂತ್ರಿಕ ಅಡ್ಡಿ ಯಾವುದೂ ಇಲ್ಲ. ಯುನಿಕೋಡ್ ಕನ್ನಡ ಇಂದು ಎಲ್ಲ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಇದೆ. ನೀವು ಕೇಳುವುದಿಲ್ಲವಾದ್ದರಿಂದ ಸಾಫ್ಟ್‌ವೇರ್ ಮಾರುವವರು ಕೊಡುವುದಿಲ್ಲ. “ಸಾಮಾನಿನ ಹೆಸರು ಕನ್ನಡದಲ್ಲಿ ಅಚ್ಚಾಗುತ್ತದೆಯೇ, ಕನ್ನಡದಲ್ಲಿ ಹುಡುಕಿದರೆ ಸಿಗುತ್ತದೆಯೇ” ಎಂದು ಪ್ರತಿಯೊಬ್ಬರೂ ಕೇಳಿ. ಹಳೇ ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಅಕ್ಷರಗಳಲ್ಲಿ ಪಟ್ಟಿ ಇಟ್ಟುಕೊಂಡಿದ್ದರೆ ಅದನ್ನು ಯುನಿಕೋಡಿಗೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಅದು ಗೀಚಿದಂತೆ ಕಾಣುತ್ತದೆ.

ಬಿಲ್ ಕನ್ನಡದಲ್ಲಿದ್ದರೆ ಕಂಪ್ಯೂಟರ್ ಕಲಿಯುವವರೂ ಹೆಚ್ಚುತ್ತಾರೆ. ಈಗ ಎಷ್ಟೋ ಅಂಗಡಿಗಳಲ್ಲಿ ಅದನ್ನು ಬಲ್ಲವನು ಒಬ್ಬನೇ ಹುಡುಗ. ಅವನು ಬೆಂಗಳೂರಿಗೆ ಹೋದ ದಿನ ಬಿಲ್ಲಿಂಗ್ ನಿಂತಿತು. ಮಧ್ಯಾಹ್ನ ನೀವು ಊಟಕ್ಕೆ ಹೋದಾಗ ಕೌಂಟರಿನಲ್ಲಿ ಕೂರುವ ನಿಮ್ಮ ಮನೆಯಾಕೆ ಉದ್ರಿ ಗಿರಾಕಿಗಳ ಹೆಸರು, ಬಾಕಿ ಎಲ್ಲವನ್ನೂ ಬಾಯಲ್ಲೇ ಹೇಳುತ್ತಾರೆ. ಅವರಿಗೆ ಕಲಿಸಿ. ನಾನು ಕಂಡ ಅಚ್ಚುಕಟ್ಟಾದ ಲೆಕ್ಕಗಳಲ್ಲಿ ಹೆಚ್ಚಿನವು ಅಂಥ ಹೆಣ್ಣುಮಕ್ಕಳು ಇಟ್ಟವು. ನೀವೂ ಕಲಿಯಿರಿ. ಎಲ್ಲ ಎಂಟ್ರಿ ಹೊಡೆಯಲು ಬರಬೇಕೆಂದಿಲ್ಲ. ಇವತ್ತಿನ ಮಾರಾಟ, ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ, ಕೈಯಲ್ಲಿರುವ ಸ್ಟಾಕು, ಈ ನಾಲ್ಕನ್ನು ಯಾರನ್ನೂ ಕರೆಯದೆ ತೆಗೆದು ನೋಡಲು ಬಂದರೆ ಸಾಕು.

ಈ ಪತ್ರ ಓದಿದ ಮೇಲೆ ಬೇರೇನನ್ನೂ ಮಾಡಲು ಪುರುಸೊತ್ತಾಗದಿದ್ದರೂ ಒಂದು ಕೆಲಸವನ್ನು ಈ ವಾರವೇ ಮಾಡಿ. ನಿಮ್ಮ ಲೆಕ್ಕದವರ ಬಳಿ ಹೋಗಿ, ಜಿಎಸ್‌ಟಿ ಪೋರ್ಟಲ್ ತೆರೆಸಿ, ಅಲ್ಲಿ ಯಾರ ಮೊಬೈಲ್ ನಂಬರ್ ಇದೆ ಎಂದು ಕಣ್ಣಾರೆ ನೋಡಿ. ನಿಮ್ಮದಲ್ಲದಿದ್ದರೆ ಅಲ್ಲೇ ಕುಳಿತು ಬದಲಾಯಿಸಿಕೊಂಡು ಬನ್ನಿ.

ಇಂತಿ ತಮ್ಮ ವಿಶ್ವಾಸಿ,

ಅಂಗಡಿ ಲೆಕ್ಕ ಬರೆಯುವ ಒಬ್ಬ ಗುಮಾಸ್ತ
ಸಾಗರ, ಶಿವಮೊಗ್ಗ ಜಿಲ್ಲೆ